ಎಷ್ಟು ದೂರ, ಎಷ್ಟು ಹೊತ್ತು

ಮದ್ದೂರು ತಾಲ್ಲೂಕಿನ ಆತಗೂರಿನ ಹೆಸರು ಇತಿಹಾಸದ ಪುಸ್ತಕ ಸೇರಿದ್ದು ಒಂದು ನಾಯಿಯ ದೆಸೆಯಿಂದ. ಹತ್ತನೆಯ ಶತಮಾನದ ನಡುಭಾಗ. ತಕ್ಕೋಲದ ಕಾಳಗದಲ್ಲಿ ಚೋಳರ ರಾಜಾದಿತ್ಯ ಮಡಿದಿದ್ದ. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ಗೆಲುವಿನ ಹುಮ್ಮಸ್ಸಿನಲ್ಲಿದ್ದರು. ಆ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನಿಗೆ ಏನು ಬೇಕೋ ಕೇಳಿಕೋ ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೆ ಆ ನಾಯಿ ದೊಡ್ಡದೊಂದು ಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ಆತಗೂರಿನ ಚಲ್ಲೇಶ್ವರ ಗುಡಿಯ ಮುಂದೆ ನಾಯಿಯ ನೆನಪಿಗೆ ಕಲ್ಲು ನಿಂತಿತು, ಅದರ ಪೂಜೆಗೆ ಹೊಲ ಬಿಟ್ಟರು. ನಾಯಿ ಹಂದಿ ಸೆಣಸುವ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಮದ್ದೂರು, ಮಳವಳ್ಳಿ ಸೀಮೆಯ ಹಾಡಿಗೆ ಇಂಥ ಕಲ್ಲಿನ ಆಸರೆ ಇಲ್ಲ. ಅದು ಯಂತ್ರ ಬರುವವರೆಗೂ ಬಾಯಲ್ಲೇ ಇತ್ತು, ಯಂತ್ರ ಬಂದ ಮೇಲೂ ಬಹುಪಾಲು ಬಾಯಲ್ಲೇ ಉಳಿಯಿತು. ಅರಳಿಕಟ್ಟೆಯ ಮೇಲೆ ಕೂತವರನ್ನು ಯಾವ ಕಾಲದ ಹಾಡು ಚೆಂದ ಎಂದು ಕೇಳಿದರೆ ಒಬ್ಬೊಬ್ಬರೂ ತಂತಮ್ಮ ಹದಿನೆಂಟರ ಹರೆಯದ ಹಾಡನ್ನೇ ಹೇಳುತ್ತಾರೆ. ಎಪ್ಪತ್ತು ದಾಟಿದವರಿಗೆ ಪಿ.ಬಿ. ಶ್ರೀನಿವಾಸ್, ಐವತ್ತರವರಿಗೆ ಹಂಸಲೇಖ, ಮೂವತ್ತೈದರವರಿಗೆ ‘ಮುಂಗಾರು ಮಳೆ’. ಆ ಜಗಳ ಬಗೆಹರಿಯುವಂಥದ್ದಲ್ಲ. ನನಗೆ ಕುತೂಹಲ ಇರುವುದು ಬೇರೆ ಎರಡು ಪ್ರಶ್ನೆಗಳಲ್ಲಿ: ಆ ಹಾಡು ಎಷ್ಟು ದೂರಕ್ಕೆ ಕೇಳುತ್ತಿತ್ತು, ಎಷ್ಟು ಹೊತ್ತು ಕೇಳುತ್ತಿತ್ತು? ಹಾಡಿನ ರುಚಿಗಿಂತ ಈ ಎರಡು ಅಳತೆಗಳೇ ಕೇಳುವವರನ್ನು ಹೆಚ್ಚು ಬದಲಿಸಿವೆ ಎಂದು ನನ್ನ ಅನಿಸಿಕೆ.

ಹೊತ್ತಿನ ಮಾತಿನಿಂದಲೇ ಶುರು ಮಾಡಬಹುದು. ಮಂಟೇಸ್ವಾಮಿಯ ಪರಂಪರೆಯ ನೀಲಗಾರರು ತಂಬೂರಿ, ಗಗ್ಗರ, ಡಕ್ಕೆ, ತಾಳ ಹಿಡಿದು ಕೂತರೆ ಕಥೆ ಒಂದು ರಾತ್ರಿಗೆ ಮುಗಿಯುವಂಥದ್ದಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆ ಇದೆ. ಹೊಳೆಯಾಚೆಯ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಜಾತ್ರೆ. ಆ ಕಾವ್ಯದಲ್ಲಿ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆ ಬೇಡಲು ಹಲಗೂರಿನ ಪಾಂಚಾಳರ ಮನೆ ಬಾಗಿಲಿಗೆ ಹೋಗುತ್ತಾನೆ. ಕೇಳುವವರಿಗೆ ಹಲಗೂರು ಪುರಾಣದ ಊರೇನೂ ಆಗಿರಲಿಲ್ಲ, ಎಮ್ಮೆ ಕೊಳ್ಳಲು ಹೋಗಿ ಬರುವ ಊರು. ಕಥೆ ಹೇಳುವವನು ಸಾಲು ಎಳೆದಾಗ ಹಿಮ್ಮೇಳದವರು ಸೊಲ್ಲು ಹಿಡಿಯಬೇಕು, ಕೂತವರು ಹೂಂಗುಟ್ಟಬೇಕು. ಮಕ್ಕಳು ಅಲ್ಲೇ ನಿದ್ದೆ ಹೋಗಿ, ಎದ್ದು, ಕಥೆ ಎಲ್ಲಿಗೆ ಬಂತು ಎಂದು ಕೇಳಿ ಮತ್ತೆ ಮಲಗುತ್ತಿದ್ದವು. ಮಾದೇಶ್ವರನ ಕಥೆ ಹಾಡುವ ಕಂಸಾಳೆಯ ದೇವರಗುಡ್ಡರದ್ದೂ ಇದೇ ಕ್ರಮ. ಯಾವ ಹಾಡು ಬೇಕು ಎಂದು ಆರಿಸುವ ಹಕ್ಕು ಕೇಳುವವರಿಗೆ ಇರಲಿಲ್ಲ. ಒಕ್ಕಲಿನವರು ಹರಕೆ ಹೊತ್ತಿದ್ದರು, ದೇವರ ಕಥೆ ನಡೆಯಬೇಕು, ಅಷ್ಟೇ. ದೂರ ಮಾತ್ರ ಕಡಿಮೆ. ತಂಬೂರಿಯ ನಾದ ಪಕ್ಕದ ಬೀದಿಗೂ ಸರಿಯಾಗಿ ಮುಟ್ಟುತ್ತಿರಲಿಲ್ಲ. ದೂರಕ್ಕೆ ಕೇಳುತ್ತಿದ್ದದ್ದು ತಮಟೆ, ನಗಾರಿ. ಊರಿನೊಳಗೆ ಬಿಟ್ಟುಕೊಳ್ಳದ ಕೇರಿಯ ಜನರ ಸದ್ದು ಊರನ್ನೆಲ್ಲ ದಾಟಿ ಹೋಗುತ್ತಿತ್ತು.

ಅರಮನೆಯ ಸಂಗೀತಕ್ಕೂ ಇದೇ ಕಷ್ಟವಿತ್ತು. ಮೈಕಿಲ್ಲದ ಕಾಲದಲ್ಲಿ ದೊಡ್ಡ ಸಭೆಯ ಹಿಂದಿನ ಸಾಲಿಗೆ ಪಿಟೀಲು ಕೇಳುತ್ತಿರಲಿಲ್ಲ. ಬಿಡಾರಂ ಕೃಷ್ಣಪ್ಪನವರ ಶಿಷ್ಯ, ತಿರುಮಕೂಡಲಿನ ಚೌಡಯ್ಯನವರು 1927ರ ಹೊತ್ತಿಗೆ ನಾಲ್ಕು ತಂತಿಗಳ ಜೊತೆಗೆ ಇನ್ನೂ ಮೂರನ್ನು ಕೂಡಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡದ್ದು ಈ ಕಾರಣಕ್ಕೆ. ನಾದ ದಪ್ಪವಾಯಿತು, ಹಿಂದೆ ಕೂತವನಿಗೂ ತಲುಪಿತು. ಮೈಕು ಬಂದ ಮೇಲೂ ಅವರು ಆ ಪಿಟೀಲನ್ನು ಬಿಡಲಿಲ್ಲ. 1943ರಲ್ಲಿ ‘ವಾಣಿ’ ಎಂಬ ಸಿನಿಮಾವನ್ನೂ ಅವರು ಮಾಡಿದರು. ಈ ಸೀಮೆಯವರಿಗೆ ಚೌಡಯ್ಯನವರ ಹೆಸರು ತಿಳಿದಿರುವುದು ಬಹುಮಟ್ಟಿಗೆ ಮೊಮ್ಮಗನ ಮೂಲಕ. ಮದ್ದೂರು ತಾಲ್ಲೂಕು ದೊಡ್ಡರಸಿನಕೆರೆಯ ಅಂಬರೀಷ್ ತಾತನ ಸಂಗೀತ ಹಿಡಿಯಲಿಲ್ಲ. ಆದರೆ ಅವರ ಸಿನಿಮಾದ ಹಾಡುಗಳು ಈ ಊರುಗಳಲ್ಲಿ ಮೊಳಗಿದಷ್ಟು ತಾತನ ಕಲ್ಯಾಣಿ, ಮೋಹನಗಳು ಎಂದೂ ಮೊಳಗಲಿಲ್ಲ.

ಗ್ರಾಮಫೋನು ದೂರವನ್ನು ಗೆದ್ದಿತು, ಹೊತ್ತನ್ನು ಕತ್ತರಿಸಿತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಅಷ್ಟರಲ್ಲಿ ಮುಗಿಸಿ, ಕೊನೆಗೆ ತನ್ನ ಹೆಸರನ್ನೂ ಹೇಳಿ ಅವರು ನಿಲ್ಲಿಸುತ್ತಿದ್ದರು. ಹೆಸರು ಇಂಗ್ಲಿಷಿನಲ್ಲಿ; ತಟ್ಟೆಗೆ ಚೀಟಿ ಅಂಟಿಸುವವರಿಗೆ ಗುರುತು ಸಿಗಲೆಂದು. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಇಂದು ನಾವು ಹಾಡು ಎಂದರೆ ಮೂರೋ ನಾಲ್ಕೋ ನಿಮಿಷ ಎಂದುಕೊಂಡಿರುವುದು ಆ ಅರಗಿನ ತಟ್ಟೆಯ ಅಗಲದಿಂದ ಬಂದ ಅಭ್ಯಾಸ.

ಹಳ್ಳಿಗೆ ಈ ತಟ್ಟೆ ತಲುಪಿದ್ದು ಒಂದೆರಡು ಅನುಕೂಲಸ್ಥರ ಮನೆಗೆ. ಉಳಿದವರಿಗೆಲ್ಲ ನಾಟಕವಿತ್ತು. ಗುಬ್ಬಿ ಕಂಪನಿಯಂಥವರು ಪೇಟೆಯಲ್ಲಿ ಆಡಿದ್ದನ್ನು ನೋಡಿ ಬಂದವರು ಊರಲ್ಲಿ ತಾವೇ ಬಣ್ಣ ಹಚ್ಚಿದರು. ಹಾರ್ಮೋನಿಯಂ ಮೇಷ್ಟ್ರು ಸುಗ್ಗಿ ಮುಗಿದ ಮೇಲೆ ಊರಿಗೆ ಬಂದು ಯಾರದೋ ಜಗಲಿಯಲ್ಲಿ ಬಿಡಾರ ಹೂಡಿ, ಅಕ್ಷರ ಬಾರದವನಿಗೂ ಕಂದ, ವೃತ್ತ ಬಾಯಿಪಾಠ ಮಾಡಿಸುತ್ತಿದ್ದರು. ‘ಕುರುಕ್ಷೇತ್ರ’ ನಾಟಕದ ಕೃಷ್ಣನ ಪಾತ್ರಕ್ಕೆ ಯಾರು ಎಷ್ಟು ಹಾಕಬೇಕು, ದುರ್ಯೋಧನನಿಗೆಷ್ಟು ಎಂಬ ಲೆಕ್ಕ ಮೊದಲೇ ಆಗುತ್ತಿತ್ತು. ಪಾತ್ರಧಾರಿಯೇ ದುಡ್ಡು ಕೊಟ್ಟು ಹಾಡುವ ಈ ಪದ್ಧತಿ ಮಂಡ್ಯ ಜಿಲ್ಲೆಯಲ್ಲಿ ಇವತ್ತಿಗೂ ಇದೆ. ಚೆನ್ನಾಗಿ ಹಾಡಿದವನಿಗೆ ‘ಒನ್ಸ್ ಮೋರ್’ ಕೂಗು ಬೀಳುತ್ತಿತ್ತು, ಸತ್ತು ಬಿದ್ದ ಅಭಿಮನ್ಯು ಎದ್ದು ಇನ್ನೊಂದು ಸಲ ಹಾಡಿ ಮತ್ತೆ ಸಾಯುತ್ತಿದ್ದ.

ಇಲ್ಲೊಂದು ವಿಚಿತ್ರವಿದೆ. ಊರೂರಿಗೆ ಶಾಸ್ತ್ರೀಯ ರಾಗಗಳ ಪರಿಚಯ ಮಾಡಿಸಿದ ಹಾರ್ಮೋನಿಯಂ ಪೆಟ್ಟಿಗೆಯನ್ನು ಆಲ್ ಇಂಡಿಯಾ ರೇಡಿಯೋ 1940ರ ಮಾರ್ಚ್ 1ರಿಂದ ಬಹಿಷ್ಕರಿಸಿತು. ಸ್ವರಗಳ ನಡುವಿನ ಗಮಕ ಅದರಲ್ಲಿ ಹೊಮ್ಮುವುದಿಲ್ಲ ಎಂಬುದು ಆಕ್ಷೇಪ. ಸಂಗೀತದ ದೃಷ್ಟಿಯಿಂದ ಆಕ್ಷೇಪದಲ್ಲಿ ಹುರುಳಿತ್ತು. ಆದರೆ ಬಿಮ್‌ಪಲಾಸ್, ಮೋಹನ, ಹಿಂದೂಸ್ತಾನಿ ಕಾಪಿ ಎಂದು ರಾಗದ ಹೆಸರು ಹಿಡಿದು ಮಾತಾಡುವ ರೈತನನ್ನು ಹುಟ್ಟಿಸಿದ್ದು ಆ ಪೆಟ್ಟಿಗೆಯೇ. ಬಹಿಷ್ಕಾರ ಸಡಿಲಗೊಂಡದ್ದು 1970ರ ದಶಕದಲ್ಲಿ.

ರೇಡಿಯೋ ಮಾತ್ರ ನಮ್ಮ ಸೀಮೆಗೆ ಬೇಗ ಬರಬೇಕಾಗಿತ್ತು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲೇ 30 ವ್ಯಾಟಿನ ಪುಟ್ಟ ಯಂತ್ರವಿಟ್ಟು ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದಲೇ ಮುಂದೆ ದೇಶಕ್ಕೆಲ್ಲ ಹೋಯಿತು. 30 ವ್ಯಾಟಿನ ದನಿ ಎಷ್ಟು ದೂರ ಹೋದೀತು? ಮುಂದೆ ಶಕ್ತಿ ಹೆಚ್ಚಿಸಿದರು, ನಗರಸಭೆ ಕೈಹಿಡಿಯಿತು, ಸಂಸ್ಥಾನ ವಹಿಸಿಕೊಂಡಿತು. ಆದರೂ ಹಳ್ಳಿಯಲ್ಲಿ ಕೇಳಬೇಕೆಂದರೆ ಕರೆಂಟು ಬೇಕಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಿಂದಲೇ ಕರೆಂಟು ಹುಟ್ಟುತ್ತಿತ್ತು, ಹುಟ್ಟಿದ ಕರೆಂಟು ನೂರೈವತ್ತು ಕಿಲೋಮೀಟರಿನಷ್ಟು ದೂರದ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ತಂತಿ ತಲೆಯ ಮೇಲೆಯೇ ಹಾದುಹೋದ ಎಷ್ಟೋ ಹಳ್ಳಿಗಳಲ್ಲಿ ಸ್ವಾತಂತ್ರ್ಯ ಬಂದು ವರ್ಷಗಳಾದ ಮೇಲೂ ಬುಡ್ಡಿದೀಪವೇ. ಹೀಗಾಗಿ ಮೊದಲ ರೇಡಿಯೋಗಳು ದೊಡ್ಡ ಬ್ಯಾಟರಿಯವು, ಪಂಚಾಯಿತಿ ಕಟ್ಟೆಯವು. ಸಂಜೆ ಅದನ್ನು ತಿರುಗಿಸುವ ಒಬ್ಬನಿಗೆ ಮಾತ್ರ ಗುಂಡಿ ಮುಟ್ಟುವ ಅಧಿಕಾರ. ನೀಲಗಾರರ ಮುಂದೆ ಕೂತಂತೆಯೇ ಜನ ಅದರ ಮುಂದೆಯೂ ಕೂತರು, ಹೂಂಗುಟ್ಟಿದರೆ ಅದಕ್ಕೆ ಕೇಳುತ್ತಿರಲಿಲ್ಲ ಎಂಬುದೊಂದೇ ಕೊರತೆ.

1955ರಲ್ಲಿ ಬೆಂಗಳೂರು ನಿಲಯ ಶುರುವಾದಾಗ ಮೈಸೂರಿನದು ಅಲ್ಲಿಗೆ ಹೋಯಿತು. ಮೈಸೂರಿಗೆ ಮತ್ತೆ ನಿಲಯ ಸಿಕ್ಕಿದ್ದು 1970ರ ದಶಕದಲ್ಲಿ. ಅಷ್ಟರಲ್ಲಿ ಕೇಳುಗರು ತಮ್ಮ ದಾರಿ ಹಿಡಿದಿದ್ದರು. ವಾರ್ತಾ ಮಂತ್ರಿ ಬಿ.ವಿ. ಕೇಸ್ಕರ್ ಅವರು ಸಿನಿಮಾ ಹಾಡು ಜನರ ಅಭಿರುಚಿ ಕೆಡಿಸುತ್ತದೆಂದು 1952ರಿಂದ ಅದಕ್ಕೆ ಕಡಿವಾಣ ಹಾಕಿದರು. ಜನ ರೇಡಿಯೋ ಸಿಲೋನಿಗೆ ಮುಳ್ಳು ತಿರುಗಿಸಿದರು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿದ್ದು ಆ ಸೋಲಿನಿಂದ. ಸರ್ಕಾರ ಯಾವುದನ್ನು ಕೇಳಬೇಡ ಎನ್ನುತ್ತದೋ ಅದನ್ನು ಕೇಳಲು ಜನ ಸಮುದ್ರ ದಾಟುತ್ತಾರೆ, ಅದೂ ಮನೆಯ ಮೂಲೆಯಲ್ಲಿ ಕೂತುಕೊಂಡು!

ಇನ್ನು ಟೂರಿಂಗ್ ಟಾಕೀಸು. ಡೇರೆ ಹಾಕಿ, ಜನರೇಟರು ಗುಡುಗಿಸಿ, ಆಟ ಶುರುವಾಗುವ ಮುಂಚೆ ಕಂಬದ ಮೇಲಿನ ಹಾರನ್ನಿನಿಂದ ಘಂಟಸಾಲ ಅವರ ‘ನಮೋ ವೆಂಕಟೇಶ’ ಹಾಕುವುದು ಕರ್ನಾಟಕದ ಟೆಂಟುಗಳಲ್ಲಿ ವಾಡಿಕೆಯಾಗಿತ್ತು. ಭಕ್ತಿಗಿಂತ ಹೆಚ್ಚಾಗಿ ಅದು ಗಡಿಯಾರ. ಗದ್ದೆ ಬಯಲಿನಾಚೆ ಅದು ಕೇಳಿಸಿದರೆ ಟಿಕೆಟ್ಟು ಶುರುವಾಯಿತೆಂದು ಅರ್ಥ, ನೀರು ಕಟ್ಟುತ್ತಿದ್ದವನು ಗುದ್ದಲಿ ಒಗೆದು ಹೊರಡುತ್ತಿದ್ದ. ತಮಟೆಯ ಬಳಿಕ ಊರಿಂದೂರಿಗೆ ಕೇಳಿದ ಎರಡನೆಯ ಸದ್ದು ಇದೇ. ಮದುವೆ ಮನೆಗೆ ಬಾಡಿಗೆ ಮೈಕ್‌ಸೆಟ್ಟು ಬಂದದ್ದೂ ಈ ದಿನಗಳಲ್ಲೇ. ಚಪ್ಪರದಲ್ಲಿ ಸೋಬಾನೆ ಹೇಳುತ್ತಿದ್ದ ಹೆಂಗಸರ ದನಿ ಆ ಹಾರನ್ನಿನ ಕೆಳಗೆ ಮುಚ್ಚಿಹೋಯಿತು. ಹಾಡುವುದನ್ನು ಅವರು ಬಿಟ್ಟರೆಂದು ನಾವು ಹೇಳುತ್ತೇವೆ. ಹಾಡಿದರೆ ಪಕ್ಕದವಳಿಗೂ ಕೇಳದ ಮೇಲೆ ಯಾರು ಹಾಡಿಯಾರು?

ಟ್ರಾನ್ಸಿಸ್ಟರು ಬಂದ ಮೇಲೆ ಹಾಡು ಮೊದಲ ಬಾರಿಗೆ ನಡೆದಾಡತೊಡಗಿತು. ಆಲೆಮನೆಯಲ್ಲಿ ಕೊಪ್ಪರಿಗೆ ಕುದಿಯುವ ರಾತ್ರಿಗಳಲ್ಲಿ, ರೇಷ್ಮೆ ಹುಳಕ್ಕೆ ಸೊಪ್ಪು ಹಾಕುವ ಹೊತ್ತಿನಲ್ಲಿ, ಪಂಪ್‌ಸೆಟ್ಟಿನ ಮನೆಯ ಮೊಳೆಯ ಮೇಲೆ ಅದು ತೂಗಾಡುತ್ತಿತ್ತು. ಅಂಚೆ ಕಚೇರಿಯಲ್ಲಿ ವರ್ಷವರ್ಷ ಲೈಸೆನ್ಸ್ ಕಟ್ಟಬೇಕಿತ್ತು. ಆ ಕಟ್ಟಳೆ ರದ್ದಾದದ್ದು 1980ರ ದಶಕದಲ್ಲಿ. ರಾಜನ್–ನಾಗೇಂದ್ರ, ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್ ಅವರ ಕಾಲ ಅದು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ರಾಜ್‌ಕುಮಾರ್ ಎಮ್ಮೆಯ ಮೇಲೆ ಕೂತು ತಮ್ಮದೇ ದನಿಯಲ್ಲಿ ಹಾಡಿದರು. ಎಮ್ಮೆ ಮೇಯಿಸುವ ಹುಡುಗರಿಗೆ ಅದಕ್ಕಿಂತ ದೊಡ್ಡ ಗೌರವ ಇನ್ನೇನು ಬೇಕಿತ್ತು!

ನನ್ನನ್ನು ಕೇಳಿದರೆ ಈ ಸೀಮೆಯ ಕೇಳುವಿಕೆಯ ಶ್ರೀಮಂತ ಕಾಲ ಕ್ಯಾಸೆಟ್ಟಿನದು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಬಂತು. ಭಾವಗೀತೆಯ ಮೊದಲ ಕ್ಯಾಸೆಟ್ಟೆಂದು ಅದಕ್ಕೆ ಹೆಸರು. ಅದರ ಹಿಂದೆಯೇ ಸಿ. ಅಶ್ವಥ್ ಅವರ ‘ಮೈಸೂರ ಮಲ್ಲಿಗೆ’. ಆ ಪದ್ಯಗಳ ಕವಿ ಕೆ.ಎಸ್. ನರಸಿಂಹಸ್ವಾಮಿ ಇದೇ ಜಿಲ್ಲೆಯ ಕಿಕ್ಕೇರಿಯವರು. 1942ರಲ್ಲಿ ಅಚ್ಚಾದ ಪುಸ್ತಕ ಓದು ಬಲ್ಲವರ ಮನೆಗಳಲ್ಲಿ ಮದುವೆಯ ಉಡುಗೊರೆಯಾಗಿ ತಿರುಗಾಡಿತ್ತು. ನಾಲ್ಕು ದಶಕ ಕಳೆದು ಕ್ಯಾಸೆಟ್ಟಿನಲ್ಲಿ ಬಂದಾಗ ಅದೇ ಪದ್ಯ ಓದು ಬಾರದವರ ಬಾಯಿಗೂ ಬಂತು.

ಆದರೆ ನಾನು ಶ್ರೀಮಂತ ಎಂದದ್ದು ಭಾವಗೀತೆಯನ್ನು ನೆನೆದು ಮಾತ್ರವಲ್ಲ. ಅದಕ್ಕೆ ಒಂದು ಹೆಜ್ಜೆ ಹಿಂದೆ ಹೋಗಬೇಕು. 1960ರ ದಶಕದಿಂದ ಜೀ.ಶಂ. ಪರಮಶಿವಯ್ಯನವರಂಥ ವಿದ್ವಾಂಸರು ಮೈಸೂರು ವಿಶ್ವವಿದ್ಯಾನಿಲಯದಿಂದ ಹೊರಟು ನೀಲಗಾರರ, ಕಂಸಾಳೆಯವರ ಕಾವ್ಯಗಳನ್ನು ಹುಡುಕಿ ಸಂಗ್ರಹಿಸಿದರು. ನಾಗಮಂಗಲ ತಾಲ್ಲೂಕಿನ ಎಚ್.ಎಲ್. ನಾಗೇಗೌಡರು ಸರ್ಕಾರಿ ಕೆಲಸದ ನಡುವೆಯೂ ನಿವೃತ್ತಿಯ ಮೇಲೂ ಅದೇ ಗೀಳಿನಲ್ಲಿದ್ದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, 1994ರಲ್ಲಿ ರಾಮನಗರದ ಹತ್ತಿರ, ಬೆಂಗಳೂರು–ಮೈಸೂರು ರಸ್ತೆಯ ಮಗ್ಗುಲಲ್ಲೇ ‘ಜಾನಪದ ಲೋಕ’ ತೆರೆದರು. ಅವರೆಲ್ಲರ ಕೆಲಸ ದೊಡ್ಡದು. ಆದರೂ ಟೇಪು ಹೋಗಿ ಸೇರಿದ್ದು ಸಂಗ್ರಹಾಲಯದ ಬೀರು, ಕಾವ್ಯ ಹೋಗಿ ಸೇರಿದ್ದು ಪುಸ್ತಕದ ಅಂಗಡಿ. ಹಾಡಿದವನ ಊರಿಗೆ ಅವನ ದನಿ ವಾಪಸು ಬರಲಿಲ್ಲ.

ವಾಪಸು ತಂದದ್ದು ವ್ಯಾಪಾರ. ಮಳವಳ್ಳಿ ಮಹದೇವಸ್ವಾಮಿಯವರು ಹಾಡಿದ ಮಂಟೇಸ್ವಾಮಿ, ಸಿದ್ದಪ್ಪಾಜಿ, ಮಾದೇಶ್ವರನ ಕಥೆಗಳ ಕ್ಯಾಸೆಟ್ಟುಗಳು ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಸಿನಿಮಾ ಹಾಡಿನ ಪಕ್ಕದಲ್ಲೇ ಕೂತವು. ಅರವತ್ತು ನಿಮಿಷದ ಸುರುಳಿ, ಮಗ್ಗುಲಿಗೆ ಮೂವತ್ತು. ರಾತ್ರಿಯಿಡೀ ನಡೆಯುವ ಕಥೆಗೆ ಅದು ಸಾಲದು; ಹಾಗಾಗಿ ಒಂದನೆಯ ಭಾಗ, ಎರಡನೆಯ ಭಾಗ ಎಂದು ಬಂದವು. ಗ್ರಾಮಫೋನಿನ ಮೂರು ನಿಮಿಷದಲ್ಲಿ ಹಿಡಿಸದ ನೀಲಗಾರನಿಗೆ ಕ್ಯಾಸೆಟ್ಟಿನಲ್ಲಿ ಕಡೆಗೂ ಕಾಲು ಚಾಚುವಷ್ಟು ಜಾಗ ಸಿಕ್ಕಿತು. ಕೀಬೋರ್ಡು ಸೇರಿತು, ತಬಲ ಸೇರಿತು, ಕಥೆಯ ಕವಲುಗಳು ಸವರಿಹೋದವು. ಜಾನಪದ ಪಂಡಿತರು ಇದನ್ನು ಕಂಡು ಮೂಗು ಮುರಿದದ್ದುಂಟು, ಅವರ ಮಾತಿನಲ್ಲಿ ಸತ್ಯವೂ ಉಂಟು. ಆದರೆ ಹರಕೆ ಹೊತ್ತ ಮನೆಯಲ್ಲಿ ಮಾತ್ರ ಕೇಳುತ್ತಿದ್ದ ಕಥೆ ಈಗ ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ, ಗೌಡರ ಹಟ್ಟಿಯಲ್ಲಿ ಹಗಲು ಹೊತ್ತಿನಲ್ಲೇ ಕೇಳತೊಡಗಿತು. ನೀಲಗಾರರನ್ನು ಜಗಲಿ ಹತ್ತಿಸದ ಮನೆಗಳಿಗೂ ಅವರ ದನಿ ಒಳಮನೆಯವರೆಗೆ ಹೋಯಿತು. ಇದಕ್ಕೆ ಯಾವ ಸಮಾಜ ಸುಧಾರಕರ ಅಪ್ಪಣೆಯೂ ಬೇಕಾಗಲಿಲ್ಲ.

ಮದ್ದೂರು, ಮಳವಳ್ಳಿ, ಕೆ.ಎಂ. ದೊಡ್ಡಿಗಳ ನಡುವೆ ಓಡುವ ಖಾಸಗಿ ಬಸ್ಸುಗಳ ಡ್ರೈವರುಗಳನ್ನು ಇಲ್ಲಿ ಮರೆಯಬಾರದು. ಬೆಳಗಿನ ಟ್ರಿಪ್ಪಿಗೆ ಮಾದೇಶ್ವರ, ಕಾಲೇಜು ಹೊತ್ತಿಗೆ ‘ಪ್ರೇಮಲೋಕ’, ರಾತ್ರಿಯ ಕಡೇ ಬಸ್ಸಿಗೆ ಹಳೇ ರಾಜ್‌ಕುಮಾರ್. ಇಂಥ ವಿವೇಕ ಎಷ್ಟೋ ರೇಡಿಯೋ ನಿಲಯಗಳಿಗೆ ಇರಲಿಲ್ಲ. ಒಳ್ಳೆಯ ಸೆಟ್ಟಿರುವ ಬಸ್ಸಿಗೆ ಕಾಯ್ದು ಹತ್ತುವವರಿದ್ದರು. 1987ರ ‘ಪ್ರೇಮಲೋಕ’ ಸಂಭಾಷಣೆಯನ್ನೂ ಹಾಡಾಗಿಸಿ, ಸಿನಿಮಾ ನೋಡದವರಿಗೂ ಕಥೆ ತಿಳಿಸಿತು. 1996ರ ‘ಜನುಮದ ಜೋಡಿ’ಯಲ್ಲಿ ವಿ. ಮನೋಹರ್ ಜಂಗಮರ ಪದದ ಧಾಟಿ ತಂದಾಗ ಚಕ್ರ ಒಂದು ಸುತ್ತು ತಿರುಗಿತ್ತು: ಈ ಸೀಮೆಯ ಮಟ್ಟು ಬೆಂಗಳೂರಿನ ಸ್ಟುಡಿಯೋಗೆ ಹೋಗಿ ಹೊಸ ಬಟ್ಟೆ ತೊಟ್ಟು ಅದೇ ಬಸ್ಸಿನಲ್ಲಿ ಊರಿಗೆ ಬಂದಿಳಿಯಿತು. ಮದ್ದೂರು ಕಡೆಯವರೇ ಆದ ನಿರ್ದೇಶಕ ಪ್ರೇಮ್ 2005ರ ‘ಜೋಗಿ’ಯಲ್ಲಿ ಅದೇ ದಾರಿ ಹಿಡಿದರು.

ಆಮೇಲಿನದು ಅವಸರದ ಕಥೆ. ಸಿಡಿ ಬಂತು, ಹೋಯಿತು. ಮೊಬೈಲು ಅಂಗಡಿಯವನು ಇಪ್ಪತ್ತು ಮೂವತ್ತು ರೂಪಾಯಿಗೆ ಮೆಮೊರಿ ಕಾರ್ಡಿನ ತುಂಬ ಹಾಡು ಸುರಿದುಕೊಡುತ್ತಿದ್ದ ಕಾಲ ಒಂದಷ್ಟು ವರ್ಷ ನಡೆಯಿತು. ಯಾವ ಹಾಡು ಯಾರದ್ದು, ಯಾವ ಸಿನಿಮಾದ್ದು ಎಂಬುದೇ ಅಳಿಸಿಹೋದದ್ದು ಆಗ. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಕವಿ, ಗಾಯಕ, ವಾದ್ಯದವರ ಹೆಸರಿರುತ್ತಿತ್ತು, ಚಿಪ್ಪಿನ ಮೇಲೆ ಏನೂ ಇಲ್ಲ. 2016ರಲ್ಲಿ ಜಿಯೋ ಬಂದ ಮೇಲೆ ಚಿಪ್ಪೂ ಬೇಡವಾಯಿತು. ಒಂದು ತುದಿಯಲ್ಲಿ ಮಂಟೇಸ್ವಾಮಿಯ ಗಂಟೆಗಟ್ಟಲೆಯ ಕಥೆ ಯೂಟ್ಯೂಬಿನಲ್ಲಿ ಇಡಿಯಾಗಿ ಸಿಗುತ್ತದೆ, ಇನ್ನೊಂದು ತುದಿಯಲ್ಲಿ ಮೂವತ್ತು ಸೆಕೆಂಡಿನ ರೀಲು. ಮೂರು ನಿಮಿಷದ ಹಾಡೇ ಈಗ ಉದ್ದವಾಯಿತು ಎನ್ನುವ ಮಕ್ಕಳಿದ್ದಾರೆ.

ಪೇಟೆಯಲ್ಲಿ ಇಯರ್‌ಫೋನು ಹಾಡನ್ನು ಒಬ್ಬರ ಕಿವಿಯೊಳಗೆ ಮುಚ್ಚಿಟ್ಟಿತು ಎಂದು ಬರೆಯುವವರು ಕಬ್ಬಿನ ಹಂಗಾಮಿನಲ್ಲಿ ಮಂಡ್ಯದ ರಸ್ತೆಗೆ ಬರಬೇಕು. ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಎರಡು ಕಡೆಯೂ ಪೆಟ್ಟಿಗೆ ಸ್ಪೀಕರು, ಅದರಿಂದ ಹೊರಟ ಹಾಡು ಎರಡು ಹೊಲ ದಾಟಿ ಕಳೆ ಕೀಳುವವರಿಗೂ ಕೇಳುತ್ತದೆ. ಒಬ್ಬನ ಜೇಬಿಗೆಂದು ಮಾಡಿದ ಯಂತ್ರವನ್ನು ಇಲ್ಲಿನವರು ಊರಿನದಾಗಿ ಮಾಡಿಕೊಂಡರು, ಪಂಚಾಯಿತಿ ರೇಡಿಯೋ ಹಾಗೆ. ಹಿಂದಿನ ವಾಹನದ ಹಾರನ್ನು ಕೇಳುವುದಿಲ್ಲ ಎಂಬ ತಕರಾರು ನ್ಯಾಯವಾದದ್ದೇ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಜನವಸತಿಯಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಎಂದು ಮಿತಿ ಹಾಕಿವೆ, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆಂದು ಸರ್ಕಾರ ಕೊಡಬಹುದಾದ ಸಡಿಲಿಕೆ ವರ್ಷದಲ್ಲಿ 15 ದಿನ, ಅದೂ ನಡುರಾತ್ರಿಯವರೆಗೆ ಮಾತ್ರ. ಆ ಲೆಕ್ಕದಲ್ಲಿ ನೋಡಿದರೆ ಬಯಲಲ್ಲಿ ಬೆಳಗಾಗುವವರೆಗೆ ಮೈಕಿಟ್ಟು ಆಡುವ ‘ಕುರುಕ್ಷೇತ್ರ’ದಲ್ಲಿ ದುರ್ಯೋಧನನ ತೊಡೆ ಮುರಿಯುವ ಹೊತ್ತಿಗೆ ಕಾನೂನೂ ಮುರಿದಿರುತ್ತದೆ.

ನಾಟಕ ನಿಂತಿಲ್ಲ. ಮಂಡ್ಯದ ಕಲಾಮಂದಿರದಲ್ಲಿ ಊರೂರಿನ ತಂಡಗಳು ಸರದಿ ಹಿಡಿದು ಆಡುತ್ತವೆ. ಸೀನರಿ ಬಾಡಿಗೆಗೆ ಬರುತ್ತದೆ, ಹಾರ್ಮೋನಿಯಮ್ಮಿನ ಪಕ್ಕಕ್ಕೆ ಕೀಬೋರ್ಡು ಬಂದಿದೆ, ಪಾತ್ರಕ್ಕೆ ದುಡ್ಡು ಹಾಕುವ ಪದ್ಧತಿ ಹಾಗೇ ಇದೆ. ಮೇಷ್ಟ್ರು ಹೇಳಿಕೊಟ್ಟ ಮಟ್ಟನ್ನು ಮೊಬೈಲಿನಲ್ಲಿ ತುಂಬಿಕೊಂಡು ಗದ್ದೆಯಲ್ಲಿ ಕೇಳಿ ಕೇಳಿ ಕಲಿಯುವವರುಂಟು. ಆಟದ ದಿನ ಯಾರಾದರೊಬ್ಬರು ಎದುರಿಗೆ ಫೋನು ನಿಲ್ಲಿಸಿ ನೇರಪ್ರಸಾರ ಬಿಡುತ್ತಾರೆ. ಬೆಂಗಳೂರಿನಲ್ಲಿ ಕ್ಯಾಬು ಓಡಿಸುವ ಅಳಿಯ ಮಾವನ ಶಕುನಿ ಪಾತ್ರ ಮುಗಿಯುವವರೆಗೆ ನೋಡಿ, ಬಂದ ಬಾಡಿಗೆ ಹಿಡಿದು ಹೊರಡುತ್ತಾನೆ.